ಥೇಲ್ಸ್ ಹೇಳಿದ್ದು ತಪ್ಪು ತಾನೆ, ಮತ್ತೆ ಯಾಕೆ ಓದಬೇಕು?

ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಶನಿವಾರ ಫಿಲಾಸಫಿ ಹೇಳಿಕೊಡುತ್ತೇನೆ ಅಂದರೆ ಜನ ಮೊದಲು ನಗುತ್ತಾರೆ. ‘ಫಿಲಾಸಫಿ ಹೊಡೀಬೇಡ’ ಅನ್ನುವುದು ನಮ್ಮಲ್ಲಿ ಬೈಗುಳ ಅಲ್ವಾ. ನಕ್ಕಾದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಮಕ್ಕಳೂ ಅದನ್ನೇ ಕೇಳುತ್ತಾರೆ: “ಎಲ್ಲದರ ಮೂಲ ನೀರು ಅಂತ ಗ್ರೀಕ್ ತತ್ವಜ್ಞಾನಿ ಥೇಲ್ಸ್ ಹೇಳಿದ. ಅದು ತಪ್ಪು ಅಂತ ನಮಗೇ ಗೊತ್ತು. ತಪ್ಪು ಹೇಳಿದವರನ್ನು ಈಗ ಯಾಕೆ ಓದಬೇಕು ಮಿಸ್?”

ತಪ್ಪು, ಒಪ್ಪಿದೆ. ‘ಹೊಂದಿಸಿ ಬರೆಯಿರಿ’ ಥರ ಓದಿದರೆ ಖಂಡಿತ ದಂಡ. ಥೇಲ್ಸ್ – ನೀರು, ಅನಾಕ್ಸಿಮಿನೀಸ್ – ಗಾಳಿ, ಎರಡು ಮಾರ್ಕ್ಸು, ಮುಗೀತು. ನಾನು ಹಾಗೆ ಓದಿದ್ದೆ. ಆ ಉತ್ತರಗಳ ಹಿಂದೆ ಕಾರಣಗಳೂ ಇದ್ದವು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಥೇಲ್ಸ್ ಇದ್ದದ್ದು ಕ್ರಿ.ಪೂ. 6ನೇ ಶತಮಾನದಲ್ಲಿ, ಮಿಲೆಟಸ್ ಅನ್ನುವ ಬಂದರಿನಲ್ಲಿ. ಊರು ಗ್ರೀಕರದ್ದು, ಆದರೆ ಈಗ ಟರ್ಕಿಯಲ್ಲಿದೆ. ಆ ಸೀಮೆಯ ಹೆಸರು ಅಯೋನಿಯಾ. ನಮ್ಮ ‘ಯವನ’ ಪದ ಬಂದದ್ದು ಅಲ್ಲಿಂದಲೇ. ನದಿಯ ಹೂಳು ತುಂಬಿ ತುಂಬಿ ಆ ಬಂದರು ಇವತ್ತು ಸಮುದ್ರದಿಂದ ಕಿಲೋಮೀಟರುಗಟ್ಟಲೆ ದೂರ ಉಳಿದಿದೆ. ನೀರಿದ್ದ ಕಡೆ ಮಣ್ಣಾಗುವುದನ್ನು ನೋಡಿಯೇ ಥೇಲ್ಸ್‌ಗೆ ಹಾಗನ್ನಿಸಿತೇನೋ. ಇದು ನನ್ನ ಊಹೆ. ಥೇಲ್ಸ್ ಬರೆದದ್ದು ಒಂದೂ ಉಳಿದಿಲ್ಲ. ಇನ್ನೂರು ವರ್ಷಕ್ಕೂ ಜಾಸ್ತಿ ಕಳೆದ ಮೇಲೆ ಅರಿಸ್ಟಾಟಲ್ ಬೇರೆಯದೇ ಊಹೆ ಮಾಡಿದ: ಎಲ್ಲ ಜೀವಿಗಳ ಆಹಾರದಲ್ಲೂ ತೇವ ಇದೆ, ಬೀಜದಲ್ಲೂ ತೇವ ಇದೆ, ಅದಕ್ಕೇ ನೀರು ಅಂದಿರಬೇಕು.

ಭೂಮಿ ಯಾಕೆ ಕೆಳಗೆ ಬೀಳುವುದಿಲ್ಲ ಅನ್ನುವುದಕ್ಕೂ ಥೇಲ್ಸ್‌ನ ಉತ್ತರ ನೀರೇ. ಮರದ ದಿಮ್ಮಿ ತೇಲುವ ಹಾಗೆ ಭೂಮಿ ನೀರಿನ ಮೇಲೆ ತೇಲುತ್ತಿದೆ. ಇಷ್ಟು ಹೇಳಿ ನಾನು ಸುಮ್ನೆ ನಿಲ್ಲುತ್ತೇನೆ. ಅರ್ಧ ನಿಮಿಷದೊಳಗೆ ಯಾರಾದರೂ ಕೇಳುತ್ತಾರೆ, “ನೀರು ಯಾವುದರ ಮೇಲೆ ನಿಂತಿದೆ?” ಚಿಕ್ಕವಳಿದ್ದಾಗ ಆದಿಶೇಷನ ಬಗ್ಗೆ ನಾನೂ ಅಜ್ಜಿಯ ಹತ್ತಿರ ಹೀಗೇ ಕೇಳಿ, “ಊಟ ಮಾಡು ಸುಮ್ನೆ” ಅನ್ನಿಸಿಕೊಂಡಿದ್ದೆ. ಥೇಲ್ಸ್‌ನ ಮಾತಿಗೆ ಅರಿಸ್ಟಾಟಲ್ ಎತ್ತಿದ ಆಕ್ಷೇಪಣೆಯೂ ಇದೇ. ಹದಿನಾಲ್ಕು ವರ್ಷದ ಹುಡುಗಿ ಅದನ್ನು ತಾನಾಗಿಯೇ ಎತ್ತಿದಾಗ ಕ್ಲಾಸು ಶುರುವಾದ ಹಾಗೆ.

ಅದೇ ಊರಿನ ಅನಾಕ್ಸಿಮಾಂಡರ್‌ನನ್ನು ಥೇಲ್ಸ್‌ನ ಶಿಷ್ಯ ಅನ್ನುತ್ತಾರೆ. ಅವನು ಗುರುವಿನ ಮಾತನ್ನು ಹಾಗೇ ಇಟ್ಟುಕೊಳ್ಳಲಿಲ್ಲ. ಭೂಮಿಯ ಕೆಳಗೆ ಏನೂ ಇಲ್ಲ ಅಂದ. ಅದು ಎಲ್ಲದರ ನಟ್ಟನಡುವೆ ಇದೆ, ಎಲ್ಲ ದಿಕ್ಕೂ ಅದಕ್ಕೆ ಸಮಾನ. ಹಾಗಿರುವಾಗ ಈ ಕಡೆಗೇ ಹೋಗಬೇಕು ಅನ್ನುವುದಕ್ಕೆ ಕಾರಣವೇ ಇಲ್ಲ, ಆದ್ದರಿಂದ ಇದ್ದಲ್ಲೇ ಇದೆ. ನನಗೆ ಈಗಲೂ ಇದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಹಾಗಂತ ಅವನಿಗೆ ಎಲ್ಲವೂ ಸರಿ ಹೊಳೆದಿರಲಿಲ್ಲ. ಭೂಮಿಯ ಆಕಾರ ಕಲ್ಲುಕಂಬದ ಒಂದು ತುಂಡಿನ ಹಾಗೆ, ದಪ್ಪ ಅಗಲದ ಮೂರನೇ ಒಂದು ಭಾಗ ಅಂತ ಅವನ ಲೆಕ್ಕ.

ಮೂರನೆಯವನು ಅನಾಕ್ಸಿಮಿನೀಸ್. ಮಿಲೆಟಸ್‌ನವನೇ. ಮೂಲ ಗಾಳಿ ಅಂದ. ಗಾಳಿ ಒತ್ತೊತ್ತಾದರೆ ಮೋಡ, ಇನ್ನೂ ಒತ್ತಾದರೆ ನೀರು, ಆಮೇಲೆ ಮಣ್ಣು, ಕಲ್ಲು. ಸಡಿಲವಾದರೆ ಬೆಂಕಿ. ಅವನು ಕೊಟ್ಟ ಉದಾಹರಣೆಯನ್ನು ಇಲ್ಲೇ ಮಾಡಿ ನೋಡಬಹುದು. ಅಂಗೈಗೆ ಬಾಯಿ ಅಗಲಿಸಿ ‘ಹಾ’ ಅನ್ನಿ, ಬೆಚ್ಚಗಿರುತ್ತದೆ. ತುಟಿ ಬಿಗಿದು ಊದಿ, ತಣ್ಣಗಿರುತ್ತದೆ. ಕಣ್ಣಿಗೆ ಪೆಟ್ಟಾದರೆ ಅಮ್ಮ ಸೆರಗಿಗೆ ‘ಹಾ’ ಅಂದು ಶಾಖ ಕೊಡುತ್ತಾಳೆ, ಕಾಫಿ ಆರಿಸಲು ತುಟಿ ಬಿಗಿಯುತ್ತಾಳೆ. ಎರಡೂ ಅದೇ ಬಾಯಿಯ ಗಾಳಿ. ಒತ್ತಿದ ಗಾಳಿ ತಂಪು, ಸಡಿಲ ಗಾಳಿ ಬಿಸಿ ಅಂತ ಅವನು ತೀರ್ಮಾನಿಸಿದ.

ತೀರ್ಮಾನ ತಪ್ಪು. ಬಿಗಿದು ಊದಿದಾಗ ಜೋರಾಗಿ ಹೋಗುವ ಉಸಿರು ಸುತ್ತಲಿನ ತಂಪು ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ, ಅದಕ್ಕೇ ತಣ್ಣಗೆ. ಆದರೆ ಇದನ್ನು ನಾನು ಮೊದಲೇ ಹೇಳುವುದಿಲ್ಲ. ಹೋದ ತಿಂಗಳು ಹಿಂದಿನ ಬೆಂಚಿನ ಹುಡುಗನೊಬ್ಬ ಕೈಯೆತ್ತಿ, “ಮಿಸ್, ಸೈಕಲ್ಲಿಗೆ ಗಾಳಿ ಹೊಡೆದರೆ ಪಂಪು ಬಿಸಿಯಾಗುತ್ತಲ್ಲ? ಅಲ್ಲೂ ಗಾಳಿ ಒತ್ತುವುದೇ ತಾನೆ?” ಅಂದ. ಎರಡೂವರೆ ಸಾವಿರ ವರ್ಷ ಹಿಂದಿನವನ ಜೊತೆ ಅವನು ಜಗಳಕ್ಕೆ ಇಳಿದಿದ್ದ. ಅನಾಕ್ಸಿಮಿನೀಸ್ ‘ಗಾಳಿ, ನಂಬಿ’ ಅಂತ ಹೇಳಿ ಎದ್ದು ಹೋಗಿದ್ದರೆ ಜಗಳ ತೆಗೆಯಲು ಅಲ್ಲಿ ಏನಿರುತ್ತಿತ್ತು? ನಾನು ಇವರನ್ನು ಓದಿಸುವುದು ಅದಕ್ಕೇ.

ಸಾಕ್ರಟೀಸ್, ಪ್ಲೇಟೋ ಯಾವಾಗ ಅಂತಲೂ ಕೇಳುತ್ತಾರೆ. ಬರುತ್ತಾರೆ, ಅವಸರ ಇಲ್ಲ. ಮುಂದಿನ ಶನಿವಾರ ಆ ಹುಡುಗ ಪಂಪು ತರುತ್ತಾನಂತೆ.