ಲೆನ್ಸ್ ತೆಗೆದಿಟ್ಟು ಅಳೆಯಬೇಕಾದ ಒತ್ತಡ

ಕಳೆದ ಸುಗ್ಗಿಯಲ್ಲಿ ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ ಮಾಡುವವರೊಬ್ಬರು ತಮ್ಮ ಹದಿನೇಳು ವರ್ಷದ ಮಗನನ್ನು ಕರೆದುಕೊಂಡು, ಗಂಗಾವತಿಯಲ್ಲಿ ನಾನು ಕಣ್ಣು ಪರೀಕ್ಷಿಸುವ ಆಸ್ಪತ್ರೆಗೆ ಬಂದಿದ್ದರು. ಹುಡುಗನಿಗೆ ಎಳವೆಯಲ್ಲಿಯೇ ಎರಡೂ ಕಣ್ಣುಗಳ ಪೊರೆ ತೆಗೆದಿದ್ದರಿಂದ ಅವನು ಪ್ಲಸ್ ಹನ್ನೆರಡರ ಮೆದು ಕಾಂಟ್ಯಾಕ್ಟ್ ಲೆನ್ಸ್ ಧರಿಸುತ್ತಾನೆ. ಬೇರೊಂದು ಕಡೆ ಗಾಳಿ ಊದುವ ಯಂತ್ರದಲ್ಲಿ ಅಳೆದು, ಕಣ್ಣಿನ ಒತ್ತಡ 28 ಇದೆ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. "ಹುಡುಗನ ಕಣ್ಣು ಹೋಗ್ತಾವೇನ್ರಿ ಮೇಡಂ?" ಎಂದು ಆ ತಂದೆ ಕುಳಿತುಕೊಳ್ಳುವ ಮೊದಲೇ ಕೇಳಿದರು. ಅಳೆಯುವಾಗ ಲೆನ್ಸ್ ಕಣ್ಣಿನಲ್ಲಿಯೇ ಇತ್ತೇ ಎಂದು ನಾನು ಹುಡುಗನನ್ನು ವಿಚಾರಿಸಿದೆ. ಇತ್ತು, ತೆಗೆಯಲು ಯಾರೂ ಹೇಳಿರಲಿಲ್ಲ.

ಕಣ್ಣಿನ ಒಳಗಿನ ಒತ್ತಡವನ್ನು ನಾವು ನೇರವಾಗಿ ನೋಡುವುದಿಲ್ಲ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಹೊರಗಿನಿಂದ ಒತ್ತಿ ಅದು ಎಷ್ಟು ಎದುರೊತ್ತುತ್ತದೆ ಎಂಬುದರಿಂದ ಊಹಿಸುತ್ತೇವೆ. ಸ್ವಿಟ್ಜರ್ಲೆಂಡಿನ ನೇತ್ರತಜ್ಞ ಹ್ಯಾನ್ಸ್ ಗೋಲ್ಡ್‌ಮನ್ 1950ರ ದಶಕದಲ್ಲಿ ರೂಪಿಸಿದ ಉಪಕರಣ ಇಂದಿಗೂ ಈ ಅಳತೆಯ ಒರೆಗಲ್ಲಾಗಿದೆ. ಅದು ಕಾರ್ನಿಯಾದ 3.06 ಮಿಲಿಮೀಟರ್ ವ್ಯಾಸದ ಭಾಗವನ್ನು ಚಪ್ಪಟೆ ಮಾಡುತ್ತದೆ. ಈ ಅಂಕಿ ಸುಮ್ಮನೆ ಆರಿಸಿದ್ದಲ್ಲ: ಆ ಗಾತ್ರದಲ್ಲಿ, ಬಾಗಲು ಒಪ್ಪದ ಕಾರ್ನಿಯಾದ ಬಿಗುವೂ ಉಪಕರಣವನ್ನು ತನ್ನತ್ತ ಎಳೆದುಕೊಳ್ಳುವ ಕಣ್ಣೀರಿನ ಪದರದ ಸೆಳೆತವೂ ಹೆಚ್ಚುಕಡಿಮೆ ಸಮವಾಗಿ ಒಂದನ್ನೊಂದು ಅಳಿಸಿಹಾಕುತ್ತವೆ, ಮತ್ತು ಒಂದು ಗ್ರಾಂ ಬಲ ಪಾದರಸದ 10 ಮಿಲಿಮೀಟರ್ ಒತ್ತಡಕ್ಕೆ ಸರಿಹೊಂದುತ್ತದೆ. ಇಷ್ಟು ನಾಜೂಕಾದ ಲೆಕ್ಕದ ನಡುವೆ ಲೆನ್ಸ್ ಒಂದನ್ನು ಇಟ್ಟರೆ, ಅದರ ದಪ್ಪ ಮತ್ತು ಬಿಗುವು ಕೂಡ ಕಣ್ಣಿನ ಒತ್ತಡವೆಂದೇ ದಾಖಲಾಗುತ್ತದೆ.

ಗಾಳಿಯ ಯಂತ್ರಕ್ಕೂ ಈ ಮಾತು ಅನ್ವಯಿಸುತ್ತದೆ. ಸಮೀಪದೃಷ್ಟಿಗೆ ಕೊಡುವ ಕಡಿಮೆ ನಂಬರಿನ ಮೈನಸ್ ಲೆನ್ಸ್ ನಡುವೆ ತೆಳ್ಳಗಿರುವುದರಿಂದ ವ್ಯತ್ಯಾಸ ಅಲ್ಪ. ಹೆಚ್ಚಿನ ನಂಬರಿನ ಪ್ಲಸ್ ಲೆನ್ಸ್ ನಡುವೆಯೇ ದಪ್ಪಗಿರುವುದರಿಂದ ಅಂಕಿ ಮೇಲೇರುತ್ತದೆ.

ಲೆನ್ಸ್ ತೆಗೆಸಿ, ಮರಗಟ್ಟಿಸುವ ಹನಿ ಹಾಕಿ, ಹಳದಿ ಬಣ್ಣ ಸೋಂಕಿಸಿ ನಾವು ಅಳೆದಾಗ ಬಂದದ್ದು 19. ಸಾಮಾನ್ಯ ಮಿತಿ 10ರಿಂದ 21. ಆದರೂ ನಾನು ಅಲ್ಲಿಗೇ ಬಿಡಲಿಲ್ಲ, ಏಕೆಂದರೆ ಎಳವೆಯಲ್ಲಿ ಪೊರೆ ತೆಗೆಸಿಕೊಂಡ ಕಣ್ಣಿಗೆ ಗ್ಲಾಕೋಮಾದ, ಅಂದರೆ ಕಣ್ಣಿನ ನರ ಹಾಳಾಗಿ ದೃಷ್ಟಿ ಕುಂದುವ ಕಾಯಿಲೆಯ, ಅಪಾಯ ಜೀವನಪೂರ್ತಿ ಇರುತ್ತದೆ, ಹಾಗೂ ಅಂಥವರ ಕಾರ್ನಿಯಾ ದಪ್ಪಗಿರುವುದುಂಟು, ಅದೂ ಅಂಕಿಯನ್ನು ಹಿಗ್ಗಿಸುತ್ತದೆ. ಹೀಗಾಗಿ ಕಾರ್ನಿಯಾದ ದಪ್ಪವನ್ನೂ ಅಳೆದು, ಕಣ್ಣಿನ ನರವನ್ನು ವೈದ್ಯರಿಗೆ ತೋರಿಸಿ, ಅದು ಆರೋಗ್ಯವಾಗಿದೆ ಎಂದು ಖಚಿತವಾದ ಮೇಲೆ ಆ ತಂದೆಗೆ ತಿಳಿಸಿದೆ. ತಪ್ಪು ಅಂಕಿಯನ್ನು ನಂಬಿ ವರ್ಷಗಟ್ಟಲೆ ಹನಿ ಹಾಕಿಸುವುದು ಎಷ್ಟು ಅನ್ಯಾಯವೋ, "ಅದು ಲೆನ್ಸಿನಿಂದ ಬಂದದ್ದು" ಎಂದು ನಿಜವಾದ ಏರಿಕೆಯನ್ನು ತಳ್ಳಿಹಾಕುವುದೂ ಅಷ್ಟೇ ಅನ್ಯಾಯ.

ಬಣ್ಣ ಬಳಸಿದ ಮೇಲೆ ತಕ್ಷಣ ಮೆದು ಲೆನ್ಸ್ ಹಾಕಿಕೊಳ್ಳಬಾರದು. ಲೆನ್ಸ್ ಆ ಬಣ್ಣವನ್ನು ಹೀರಿಕೊಳ್ಳುತ್ತದೆ; ಅದಕ್ಕಿಂತ ಮುಖ್ಯವಾಗಿ, ಮರಗಟ್ಟಿದ ಕಣ್ಣಿಗೆ ಭತ್ತದ ಧೂಳು ಬಿದ್ದರೂ ನೋವು ತಿಳಿಯದು, ನಮ್ಮ ಊರುಗಳಲ್ಲಿ ಸುಗ್ಗಿಯ ಗಾಳಿ ಎಂಥದೆಂದು ಎಲ್ಲರಿಗೂ ಗೊತ್ತು. ಲೆನ್ಸ್ ಹಾಕಿಕೊಂಡೇ ರಾತ್ರಿ ಮಲಗಿ ಬಂದವರಿಗೆ ನಾನು ಇನ್ನೊಂದು ದಿನ ಬರಲು ಹೇಳುತ್ತೇನೆ, ಏಕೆಂದರೆ ಆಮ್ಲಜನಕ ಸಾಲದೆ ಊದಿಕೊಂಡ ಕಾರ್ನಿಯಾ ಮೆತ್ತಗಾಗಿ, ಇರುವುದಕ್ಕಿಂತ ಕಡಿಮೆ ಒತ್ತಡ ತೋರಿಸಬಹುದು.

ಕಾರ್ನಿಯಾದ ಗಾಯ ಮಾಯಲೆಂದು ಹಾಕಿದ ಬ್ಯಾಂಡೇಜ್ ಲೆನ್ಸನ್ನು ಮಾತ್ರ ತೆಗೆಯುವಂತಿಲ್ಲ. ಅಂಥ ಕಣ್ಣನ್ನು ಲೆನ್ಸಿನ ಮೇಲೆಯೇ ಅಳೆಯಬೇಕಾಗುತ್ತದೆ. ಆಗ ಅಂಕಿಯ ಪಕ್ಕದಲ್ಲಿ "ಲೆನ್ಸಿನ ಮೇಲೆ" ಎಂದು ಬರೆಯಲೇಬೇಕು. ಕಾರಟಗಿಯ ಹುಡುಗನ ಚೀಟಿಯಲ್ಲಿ ಅಷ್ಟು ಬರೆದಿದ್ದರೂ ಸಾಕಿತ್ತು, ಆ ಮನೆಯವರು ಒಂದು ವಾರ ನಿದ್ದೆಗೆಡುತ್ತಿರಲಿಲ್ಲ.