ಕಿಟಕಿಯಿಂದ ಇಳಿಯುತ್ತಿದ್ದ ಬುಟ್ಟಿ

ಇವತ್ತು ಸುಮ್ನೆ ಇಸ್ತಾಂಬುಲ್‌ನ ಜೆನ್‌ಬಿಲ್ಲಿ ಅಲಿ ಎಫೆಂದಿ ಬಗ್ಗೆ ಓದುತ್ತಾ ಕೂತೆ. ಮಾಡಬೇಕಾದ ಕೆಲಸ ಹಾಗೇ ಬಿದ್ದಿದೆ.

1503ರಿಂದ 1526ರಲ್ಲಿ ತೀರಿಕೊಳ್ಳುವವರೆಗೂ ಅವರು ಆಟೊಮನ್ ತುರ್ಕರ ಶೇಖ್ ಉಲ್ ಇಸ್ಲಾಂ, ಅಂದರೆ ಸಾಮ್ರಾಜ್ಯದ ಅತಿ ದೊಡ್ಡ ಧರ್ಮಾಧಿಕಾರಿ. ಮೂವರು ಸುಲ್ತಾನರನ್ನು ಕಂಡವರು. ಇಷ್ಟು ದೊಡ್ಡ ಮನುಷ್ಯ ಮನೆಯ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಿದ್ದರಂತೆ. ಕೆಳಗೆ ನಿಂತವರು ಪ್ರಶ್ನೆ ಬರೆದ ಚೀಟಿ ಹಾಕಬೇಕು. ಇವರು ಮೇಲೆಳೆದು ಓದಿ, ಅದಕ್ಕೆ ಫತ್ವಾ, ಅಂದರೆ ಇಸ್ಲಾಂ ಧರ್ಮಶಾಸ್ತ್ರದ ಪ್ರಕಾರ ಉತ್ತರ, ಬರೆದು ಮತ್ತೆ ಇಳಿಸುವುದು. ಬಾಗಿಲು ಕಾಯುವ ಗೋಳಿಲ್ಲ, ಶಿಫಾರಸು ಬೇಕಿಲ್ಲ.

ಸುಲ್ತಾನ ಒಂದನೇ ಸೆಲಿಮ್ ಮಹಾ ಸಿಡುಕ. ಒಮ್ಮೆ ಖಜಾನೆಯ 150 ನೌಕರರ ತಲೆ ತೆಗೆಯಲು ಹೇಳಿದನಂತೆ. ಎಫೆಂದಿ ನೇರ ಅರಮನೆಗೆ ಹೋದರು. ರಾಜ್ಯದ ವಿಷಯಕ್ಕೆ ತಲೆ ಹಾಕಬೇಡಿ ಅಂದ ಸುಲ್ತಾನ. ನಾನು ನೋಡ್ತಿರೋದು ನಿಮ್ಮ ಪರಲೋಕದ ವಿಷಯ ಅಂದರು ಇವರು. ನೌಕರರ ಜೀವ ಉಳಿಯಿತು.

ಅಷ್ಟಕ್ಕೇ ಬಿಡಲಿಲ್ಲ ನೋಡಿ, ಅವರ ಕೆಲಸವನ್ನೂ ವಾಪಸ್ ಕೊಡಿಸಿದರು. ನನಗೆ ಜಾಸ್ತಿ ಹಿಡಿಸಿದ್ದು ಇದೇ. ಕ್ಷಮಿಸಿ ಬೀದಿಗೆ ಬಿಟ್ಟರೆ ಅವರು ಮರುದಿನ ಉಣ್ಣೋದೇನು, ಅಲ್ವಾ?