ನೆಡ್ಡಿ ಮೆರಿಲ್‌ನ ಸಬೂಬುಗಳು

ಅಮೆರಿಕದ ಲೇಖಕ ಜಾನ್ ಚೀವರ್‌ನ ‘ದಿ ಸ್ವಿಮ್ಮರ್’ (1964) ಕತೆಗೆ ಟಿಪ್ಪಣಿ ಬರೆಯುವಾಗ ‘ನೀರು ಅಂದರೆ ಶುದ್ಧಿ’ ಅಂತ ಬರೆದು ಕೈ ತೊಳೆದುಕೊಳ್ಳಬೇಡ್ರಿ. ನೀರಿಗಿಂತ ಋತು ನೋಡ್ರಿ.

ಕತೆಯ ನಾಯಕ ನೆಡ್ಡಿ ಹೊರಡುವುದು ನಡುಬೇಸಿಗೆಯ ಭಾನುವಾರ. ನೆರೆಯವರ ಈಜುಕೊಳಗಳ ಸಾಲಿಗೆ ಹೆಂಡತಿ ಲೂಸಿಂಡಾಳ ಹೆಸರಿಟ್ಟು, ಈಜುತ್ತಲೇ ಮನೆ ಮುಟ್ಟುವ ಹುಮ್ಮಸ್ಸು. ಮಳೆ ನಿಂತಾಗ ಮೇಪಲ್ ಮರದ ಎಲೆಗಳು, ಬೇಸಿಗೆ ಮುಗಿದ ಮೇಲೆ ಆಗುವ ಹಾಗೆ, ಕೆಂಪು-ಹಳದಿಯಾಗಿ ಉದುರಿರುತ್ತವೆ. ಮರಕ್ಕೆ ರೋಗ ಬಂದಿರಬೇಕು ಅಂದುಕೊಳ್ಳುತ್ತಾನೆ! ನಮ್ಮ ಕಲಬುರಗಿ ಕಡೆ ಒಬ್ಬ ‘ಇನ್ನೂ ಮೇ ತಿಂಗಳು’ ಅನ್ನುತ್ತಾ ಹೂಬಿಟ್ಟ ತೊಗರಿ ಹೊಲ ದಾಟಿದ ಹಾಗೆ.

ನಿರಾಕರಣೆ ಕೆಲಸ ಮಾಡುವ ರೀತಿಯೇ ಇದು. ಸಾಕ್ಷಿ ಕಣ್ಣಿಗೆ ಬೀಳುತ್ತದೆ, ಬೆನ್ನಿಗೇ ಸಬೂಬು ಹುಟ್ಟುತ್ತದೆ. ಆ ಸಬೂಬುಗಳ ಕೆಳಗೆ ಪೆನ್ಸಿಲ್ ಗೆರೆ ಎಳೀರಿ. ಮನೆ ಮಾರಿದ ಸುದ್ದಿ ಬೇರೆಯವರ ಬಾಯಲ್ಲಿ ಬಂದರೆ ಅವನಿಗೆ ಅಂಥದ್ದು ನೆನಪೇ ಇಲ್ಲ. ಈಜುಚಡ್ಡಿ ಸಡಿಲವಾದರೆ, ಒಂದೇ ಮಧ್ಯಾಹ್ನದಲ್ಲಿ ಸೊರಗಿದೆನೇ ಅಂತ ಅಚ್ಚರಿ, ಅಷ್ಟೇ. ವೆಲ್ಚರ್ ಮನೆಯ ಕೊಳವಂತೂ ಬತ್ತಿದೆ.

ಹೆಚ್ಚಿನವರು ಎಡವುವುದು ‘ಇದೆಲ್ಲ ಕುಡುಕನ ಭ್ರಮೆ’ ಅನ್ನುವಲ್ಲಿ. ಕುಡಿತ ಕತೆಯ ಮೊದಲ ಸಾಲಿನಿಂದಲೇ ಇದೆ, ನಿಜ. ಆದರೆ ಕೊನೆಯಲ್ಲಿ ಮನೆ ನಿಜವಾಗಿಯೂ ಬೀಗ ಹಾಕಿ ಖಾಲಿ ಬಿದ್ದಿದೆ, ಗ್ಯಾರೇಜ್ ಹಿಡಿಕೆಗೆ ತುಕ್ಕು ಹಿಡಿದಿದೆ. ಈ ನಡುವೆ ಎಷ್ಟು ಕಾಲ ಸರಿಯಿತು ಅಂತ ಚೀವರ್ ಹೇಳುವುದಿಲ್ಲ. ನೀವೂ ವರ್ಷ ಎಣಿಸಲು ಹೋಗಬೇಡ್ರಿ.